ಮಳೆಯಲ್ಲೇ ನೋಡಬೇಕಾದ ದ್ರಾಕ್ಷಿ ಸೀಮೆ

ರಜೆಯಲ್ಲಿ ದ್ರಾಕ್ಷಿ ತೋಟಗಳ ಸೀಮೆಗೆ ಹೊರಡುವವರು ಬಿಸಿಲು ಬೇಡಿಕೊಂಡೇ ಹೊರಡುತ್ತಾರೆ. ಎಳೆಬಿಸಿಲು, ಸಾಲು ಹಿಡಿದ ಬಳ್ಳಿಗಳು, ನೆರಳಿಗೆ ಹಾಕಿದ ಮೇಜು, ಅದರ ಮೇಲೆ ವೈನ್ ತುಂಬಿದ ಗಾಜಿನ ಲೋಟ. ವೈನ್ ನಾಡು ಎಂದರೆ ಹೀಗಿರುತ್ತದೆ ಎಂದು ಜಾಹೀರಾತುಗಳು ನಮಗೆ ಕಲಿಸಿಬಿಟ್ಟಿವೆ. ದೀಪಾವಳಿ ರಜೆಯಲ್ಲಿ ವಿಜಯಪುರದಿಂದ ಅರಕೇರಿ, ತಿಕೋಟಾ, ಬಬಲೇಶ್ವರಗಳ ಕಡೆ ಕಾರು ಹೊರಟ ದಿನವೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಮೋಡಗಳನ್ನು ಇಲ್ಲಿಯವರೆಗೆ ತಳ್ಳಿಕೊಂಡು ಬಂದಿದ್ದರೆ, ಆ ಚಿತ್ರದಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ. ಆದರೂ ಊರಿಗೆ ಮರಳಿದ ಮೇಲೆ ಮನಸ್ಸಿನಲ್ಲಿ ನಿಂತದ್ದು ಆ ಮಳೆಯ ದಾರಿಯೇ. ಅದಕ್ಕೆ ಕಾರಣ ಯೋಚಿಸಿದಷ್ಟೂ ಒಂದು ಮಾತು ಗಟ್ಟಿಯಾಗುತ್ತ ಬಂದಿದೆ. ಈ ಸೀಮೆಯನ್ನು ಅರ್ಥ ಮಾಡಿಕೊಳ್ಳಲು ಮಳೆಯ ದಿನಕ್ಕಿಂತ ಒಳ್ಳೆಯ ದಿನವಿಲ್ಲ. ಇದನ್ನು ವೈನ್ ನಾಡು ಎಂದು ಕರೆದು ಬೇರೆ ವೈನ್ ನಾಡುಗಳ ಪಕ್ಕ ನಿಲ್ಲಿಸಿ ಅಳೆಯುವುದರಿಂದ ಸೀಮೆಗೂ ಪ್ರವಾಸಿಗನಿಗೂ ನಷ್ಟ.

ವಿಜಯಪುರ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವುದು ತೊರವಿ. ಕನ್ನಡಿಗರಿಗೆ ಈ ಊರು ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದಿಂದ ಪರಿಚಿತ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಲು ಆರಂಭಿಸಿದ್ದೂ ಇಲ್ಲಿಯೇ. ಕಾಲು ಶತಮಾನದೊಳಗೆ, 1624ರಲ್ಲಿ, ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ನಗರ ಉಳಿಯಲಿಲ್ಲ, ಆದರೆ ತೊರವಿಯ ನೀರನ್ನು ವಿಜಯಪುರಕ್ಕೆ ಒಯ್ಯಲು ನೆಲದಡಿ ತೋಡಿದ ಸುರಂಗದ ಕುರುಹುಗಳು ಉಳಿದಿವೆ. ಸುರಂಗ ಬಾವಡಿ ಎಂದು ಜನ ಇಂದಿಗೂ ಅದನ್ನು ಕರೆಯುತ್ತಾರೆ. ಅಕ್ಬರನ ದೂತನಾಗಿ 1603–04ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಅಸದ್ ಬೇಗ್ ವಿಜಯಪುರದ ಪೇಟೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಅವನು ಕಂಡ ಸಾಲು ಅಂಗಡಿಗಳಲ್ಲಿ ಮದ್ಯದ ಅಂಗಡಿಗಳೂ ಇದ್ದವು. ಹಾಗಾಗಿ ಈ ನೆಲಕ್ಕೂ ಮದಿರೆಗೂ ನಂಟಿಲ್ಲ ಎನ್ನುವಂತಿಲ್ಲ. ತೊರವಿಯಲ್ಲಿ ವೈನ್ ಪಾರ್ಕ್ ಮಾಡುವ ಮಾತು ಹಲವು ವರ್ಷಗಳಿಂದ ಕೇಳಿಬರುತ್ತಿರುವುದಕ್ಕೆ ಚರಿತ್ರೆಯ ಬೆಂಬಲವನ್ನೂ ಯಾರಾದರೂ ಹುಡುಕಬಹುದು. ನನಗೆ ಮಾತ್ರ ಆ ಪೇಟೆಗಿಂತ ಸುರಂಗವೇ ಈ ಸೀಮೆಯ ನಿಜವಾದ ಹಿರಿಯ ಅನ್ನಿಸುತ್ತದೆ. ನೀರು ತಾನಾಗಿ ಬಾರದ ಕಡೆಗೆ ಮನುಷ್ಯ ಹಟ ಹಿಡಿದು ತಂದ ನೀರಿನ ಕತೆ ನಾನೂರು ವರ್ಷಗಳಿಂದ ಇಲ್ಲಿ ನಿಂತಿಲ್ಲ.

ತೊರವಿ ದಾಟಿದ ಮೇಲೆ ಕಾರಿನ ಗಾಜಿನಾಚೆ ಮಳೆ ಎರಡು ಬಗೆಯ ನೆಲಗಳನ್ನು ಬಿಡಿಸಿ ತೋರಿಸುತ್ತದೆ. ತಗ್ಗಿನಲ್ಲಿ ಎರೆಭೂಮಿ. ನಾಲ್ಕು ಹನಿ ಬಿದ್ದರೆ ಸಾಕು, ಕಾಲಿಟ್ಟವರ ಕೆರವನ್ನೇ ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣು. ಅಲ್ಲಿ ಹಿಂಗಾರಿ ಬಿಳಿಜೋಳ ಮೊಣಕಾಲೆತ್ತರ ಬೆಳೆದು ನಿಂತಿರುತ್ತದೆ, ನಡುನಡುವೆ ಕಡಲೆ. ಏರಿನಲ್ಲಿ ಗರಸು ಬೆರೆತ ತೆಳುವಾದ ಮಡ್ಡಿ ನೆಲ. ನೀರು ನಿಲ್ಲದೆ ಇಳಿದುಹೋಗುವ ಆ ನೆಲದ ಮೇಲೆ ಕಲ್ಲಿನ, ಕಬ್ಬಿಣದ ಕಂಬ ನೆಟ್ಟು, ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿ. ಒಂದೇ ಮೋಡ ಎರಡರ ಮೇಲೂ ಸುರಿಯುತ್ತದೆ. ಮಳೆ ತಡವಾಗಿ ಬಂದರೂ ಜೋಳದ ಹೊಲದವನಿಗೆ ಅದು ಹಸಿ ಹಿಡಿಸುವ ಮಳೆ, ಜನವರಿಯವರೆಗೆ ಬೇರಿಗೆ ಆಸರೆ. ದ್ರಾಕ್ಷಿ ಪಡದವನಿಗೆ, ಅಂದರೆ ತೋಟದವನಿಗೆ, ಅದೇ ಮಳೆ ನಿದ್ದೆಗೆಡಿಸುವ ಶತ್ರು. ಬಹಳ ಸಲ ಎರಡೂ ಹೊಲಗಳ ಒಡೆಯ ಒಬ್ಬನೇ. ಆಕಾಶ ನೋಡಿ ನಗಬೇಕೋ ಅಳಬೇಕೋ ಎಂಬ ಇಬ್ಬಂದಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾರಿ ನಾಡಿನಲ್ಲಿ ಇನ್ನೊಂದು ಇದ್ದಂತಿಲ್ಲ. ಬಿಸಿಲಿನ ದಿನ ಬಂದವನಿಗೆ ಇವು ಪಕ್ಕಪಕ್ಕದ ಎರಡು ಹಸಿರು ತುಂಡುಗಳು, ಅಷ್ಟೇ.

ಇದೇಕೆ ಹೀಗೆ ಎಂಬುದಕ್ಕೆ ಉತ್ತರ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವುದರಲ್ಲಿ ಇದೆ. ಈ ಭಾಗದ ರೈತರು ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಫಸಲು ಮಾತ್ರ ಒಂದೇ. ಏಪ್ರಿಲ್ ಚಾಟ್ನಿ ಕಡ್ಡಿ ತಯಾರು ಮಾಡಿಕೊಳ್ಳಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಯುರೋಪಿನ ಚಳಿ ನಾಡುಗಳಲ್ಲಿ ಬಳ್ಳಿ ಚಳಿಗಾಲ ಬಂದಾಗ ಎಲೆ ಉದುರಿಸಿ ತಾನೇ ಮಲಗುತ್ತದೆ, ವಸಂತದಲ್ಲಿ ತಾನೇ ಏಳುತ್ತದೆ. ಇಲ್ಲಿ ಅದನ್ನು ಮಲಗಿಸುವಷ್ಟು ಚಳಿ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಯಾವಾಗ ಚಿಗುರಬೇಕು, ಯಾವಾಗ ಹೂ ಬಿಡಬೇಕು ಎಂಬುದನ್ನು ಗೊತ್ತು ಮಾಡುವುದು ಋತುವಲ್ಲ, ರೈತನ ಕೈಯ ಕತ್ತರಿ. ಆ ಕತ್ತರಿಯ ಹಿಂದೆ ಒಂದು ಲೆಕ್ಕವಿದೆ. ವಿಜಯಪುರದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್, ಸೆಪ್ಟೆಂಬರಿನಲ್ಲಿ ಅದರ ಜೋರು ಹೆಚ್ಚು. ಅಕ್ಟೋಬರ್ ಕಳೆಯುತ್ತಿದ್ದಂತೆ ಆಕಾಶ ತಿಳಿಯಾಗಬೇಕು. ಆಗ ಸವರಿದರೆ ಹೂವು, ಕಾಯಿ, ಹಣ್ಣು ಎಲ್ಲವೂ ಒಣಹವೆಯಲ್ಲೇ ನಡೆದು ಫೆಬ್ರುವರಿಯ ಹೊತ್ತಿಗೆ ಗೊನೆ ಕೈಗೆ ಬರುತ್ತದೆ. ಮಳೆ ಹೇಳಿದ ಹೊತ್ತಿಗೆ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಸಾವಿರಾರು ಎಕರೆ ಪಡಗಳು ನಿಂತಿವೆ. ದೀಪಾವಳಿಯ ಮಳೆ ಆ ನಂಬಿಕೆಯನ್ನೇ ಮುರಿಯುತ್ತದೆ. ಎಲೆಯ ಮೇಲೆ ಕೆಲವು ಗಂಟೆ ತೇವ ನಿಂತರೆ ಸಾಕು, ಡೌನಿ ರೋಗ ಎಲೆಯಿಂದ ಹೂಗೊಂಚಲಿಗೆ ಹಾಯುತ್ತದೆ. ಹೂಗೊಂಚಲಿಗೆ ತಗುಲಿತೆಂದರೆ ಆ ವರ್ಷದ ಗೊನೆಯೇ ಇಲ್ಲ.

ಮಳೆ ಎಂದರೆ ಕೇಡು ಎಂದಷ್ಟೇ ಇದರಿಂದ ತೀರ್ಮಾನಿಸಬಾರದು. ಫ್ರಾನ್ಸಿನ ಬೋರ್ಡೋದಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅಂದರೆ ವಿಜಯಪುರದ ಒಂದೂವರೆ ಪಟ್ಟು. ಆದರೂ ಜಗತ್ತಿನ ಹೆಸರಾಂತ ವೈನ್ ನಾಡು ಅದು. ಅಲ್ಲಿಯೂ ಡೌನಿ ಬಂತು. 1878ರ ಹೊತ್ತಿಗೆ ಅಮೆರಿಕದಿಂದ ಫ್ರಾನ್ಸಿಗೆ ಕಾಲಿಟ್ಟ ಆ ರೋಗಕ್ಕೆ ಅಲ್ಲಿನ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮದ್ದೆಂದು ತೋರಿಸಿಕೊಟ್ಟ. ತಿಕೋಟಾದ ಔಷಧ ಅಂಗಡಿಯಿಂದ ಮಲೆನಾಡಿನ ಅಡಿಕೆ ತೋಟದವರೆಗೆ ಎಲ್ಲರೂ ಬಲ್ಲ ಬೋರ್ಡೋ ದ್ರಾವಣ ಅದೇ. ಮಳೆಯ ಮೊತ್ತಕ್ಕಿಂತ ಅದು ಬರುವ ಹೊತ್ತು ದೊಡ್ಡದು ಎಂಬುದನ್ನು ಈ ಹೋಲಿಕೆ ತಿಳಿಸುತ್ತದೆ. ಬೋರ್ಡೋದ ಬಳ್ಳಿ ತನ್ನ ಮಳೆಯೊಂದಿಗೆ ಶತಮಾನಗಳ ಕಾಲ ಬದುಕಿ ಹೊಂದಿಕೊಂಡಿದೆ. ವಿಜಯಪುರದ ಬಳ್ಳಿಯನ್ನು ಮಳೆಯಿಂದ ತಪ್ಪಿಸಿ ಬದುಕಿಸಲಾಗುತ್ತಿದೆ. ಈ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ತಪ್ಪಿಸಿಕೊಳ್ಳಲಾಗದ ದಿನವೊಂದರಲ್ಲಿ ಇಲ್ಲಿಗೆ ಬರಬೇಕು.

ಮುಖ್ಯರಸ್ತೆ ಬಿಟ್ಟು ಅರಕೇರಿಯ ಹಾದಿ ಹಿಡಿದರೆ ಇನ್ನೊಂದು ಹಳೆಯ ಬದುಕು ಎದುರಾಗುತ್ತದೆ. ಇಲ್ಲಿಯ ಮುಮ್ಮೆಟ್ಟಿಗುಡ್ಡ ಹಾಲುಮತದವರ ಆರಾಧ್ಯ ದೈವ ಅಮೋಘಸಿದ್ಧನ ನೆಲೆ. ದೀಪಾವಳಿ ಕಳೆದು ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಸುತ್ತಲಿನ ಊರುಗಳ ಪಲ್ಲಕ್ಕಿಗಳು ಡೊಳ್ಳಿನೊಂದಿಗೆ ಬರುತ್ತವೆ, ಗುಡ್ಡವೆಲ್ಲ ಭಂಡಾರದಿಂದ ಹಳದಿಯಾಗುತ್ತದೆ. ಮಳೆಯ ದಿನ ಗುಡ್ಡ ಬೋಳಾಗಿ, ಕಲ್ಲು ತೊಳೆದು ಹೊಳೆಯುತ್ತಿರುತ್ತದೆ. ಕಂಬಳಿ ಕೊಪ್ಪೆ ಹಾಕಿದ ಕುರಿಗಾರರು ಬಾರಿ ಮರದಡಿ ಹಿಂಡನ್ನು ಒತ್ತಾಗಿ ನಿಲ್ಲಿಸಿಕೊಂಡಿರುತ್ತಾರೆ. ಬರಗಾಲದ ಸೀಮೆಯಲ್ಲಿ ಬದುಕುವುದಕ್ಕೆ ಅವರು ಕಂಡುಕೊಂಡ ದಾರಿ ಮಳೆ ಇದ್ದಲ್ಲಿಗೆ ನಡೆದುಹೋಗುವುದು. ಹಿಂಡು ನಡೆಯಬಲ್ಲದು. ಬಳ್ಳಿಗೆ ಆ ಅನುಕೂಲವಿಲ್ಲ. ಒಮ್ಮೆ ನೆಟ್ಟರೆ ಹತ್ತಾರು ವರ್ಷ ಅಲ್ಲೇ ನಿಲ್ಲಬೇಕು, ಬೇಕಾದ ನೀರು ಅಲ್ಲಿಗೆ ಬರಬೇಕು, ಬೇಡದ ನೀರು ಬಾರದಿರಬೇಕು. ಈ ಎರಡು ಬದುಕುಗಳು ಒಂದೇ ಊರಿನ ಗಡಿಯಲ್ಲಿ ಇರುವುದನ್ನು ನೋಡಿದಾಗ ದ್ರಾಕ್ಷಿ ಈ ನೆಲದಲ್ಲಿ ಎಂಥ ಧೈರ್ಯದ ಬೆಳೆ ಎಂದು ತಿಳಿಯುತ್ತದೆ. ಬರದ ವರ್ಷಗಳಲ್ಲಿ ಕೊಳವೆಬಾವಿ ಬತ್ತಿದಾಗ ಟ್ಯಾಂಕರಿನಲ್ಲಿ ನೀರು ತರಿಸಿ, ಹನಿ ಹನಿಯಾಗಿ ಬಿಟ್ಟು ಪಡ ಉಳಿಸಿಕೊಂಡವರು ಇವರು. ಬರದಲ್ಲಿ ನೀರು ಕೊಂಡು ತಂದವನೇ ನವೆಂಬರಿನಲ್ಲಿ ನೀರಿಗೆ ಹೆದರುತ್ತಾನೆ.

ತಿಕೋಟಾದ ಕಡೆ ಬಂದಂತೆ ಪಡಗಳು ಒತ್ತೊತ್ತಾಗಿ ಕಾಣತೊಡಗುತ್ತವೆ. ಮಳೆ ಹೊಳವಾದ ಅರ್ಧ ಗಂಟೆಯೊಳಗೆ ಟ್ರ್ಯಾಕ್ಟರುಗಳು ಬ್ಲೋವರ್ ಹೊತ್ತು ಸಾಲುಗಳ ನಡುವೆ ಇಳಿಯುತ್ತವೆ. ಔಷಧದ ಮಂಜು ಎಲೆಯ ಅಡಿಗೂ ಮುಟ್ಟಬೇಕು, ಮುಂದಿನ ಮೋಡಕ್ಕೆ ಮೊದಲು ಆರಬೇಕು. ಇಂಥ ದಿನ ರೈತರನ್ನು ಮಾತಿಗೆಳೆದರೆ ಮಾತು ಹೆಚ್ಚು ಹೊತ್ತು ನಡೆಯುವುದಿಲ್ಲ, ಅದರಲ್ಲಿ ಒರಟುತನವೂ ಇರುವುದಿಲ್ಲ. “ಚಾ ಕುಡದ ಹೋಗ್ರಿ” ಎನ್ನುವವರು ಕಣ್ಣನ್ನು ಮಾತ್ರ ಮೋಡದಿಂದ ತೆಗೆಯುವುದಿಲ್ಲ. ಊರಿನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಮಳೆ ಜೋರಾದರೆ ಹೊರಗಿನ ಗಾಡಿಯಲ್ಲಿ ಮಿರ್ಚಿ ಭಜಿ, ಚುರುಮುರಿ. ದ್ರಾಕ್ಷಿ ಸೀಮೆಯ ಈ ಊಟದಲ್ಲಿ ದ್ರಾಕ್ಷಿ ಎಲ್ಲಿಯೂ ಇಲ್ಲ, ಇರುವುದರಲ್ಲಿ ಹೆಚ್ಚಿನದು ಮಳೆಯಾಶ್ರಿತ ಹೊಲದ್ದು. ಮನೆಯ ಹೊಟ್ಟೆಗೆ ಜೋಳ, ಮನೆಯ ಸಾಲಕ್ಕೆ ದ್ರಾಕ್ಷಿ ಎಂಬ ಹಂಚಿಕೆ ತಟ್ಟೆಯಲ್ಲೇ ಕಾಣುತ್ತದೆ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿಯೊಂದಿಗೆ ಇದನ್ನು ಹೋಲಿಸದೆ ಇರಲಾಗುವುದಿಲ್ಲ. ನಂದಿಬೆಟ್ಟದ ಅಡಿಯಲ್ಲಿ ಚಪ್ಪರದ ಮೇಲೆ ಹಬ್ಬುವ ಬೆಂಗಳೂರು ನೀಲಿ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ಆಸೆ ಇಟ್ಟುಕೊಳ್ಳಬಹುದು. ಅಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ತೋಟ ಫ್ರೆಂಚ್ ತಳಿಗಳನ್ನು ಬೆಳೆಸಿ ವೈನ್ ಮಾಡುತ್ತಿದೆ. ಬೆಂಗಳೂರಿನ ಕಾರುಗಳು ವಾರಾಂತ್ಯಕ್ಕೆ ಹೋಗಿ ರುಚಿ ನೋಡಿ ಬರುತ್ತವೆ. ಮಳೆ ಬಂದರೆ ಪ್ರವಾಸಿಗರು ಒಳಗೆ ಕುಳಿತು ಊಟ ಮಾಡುತ್ತಾರೆ, ಹೊರಗಿನ ಬಳ್ಳಿಗೂ ಅವರಿಗೂ ನಡುವೆ ಗಾಜಿನ ಗೋಡೆ ಇರುತ್ತದೆ. ಅಲ್ಲಿ ನಡೆದದ್ದು ಇಲ್ಲೇಕೆ ನಡೆಯಬಾರದು ಎಂಬ ಪ್ರಶ್ನೆ ಸಹಜ. ರಾಜ್ಯ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ಕೃಷ್ಣಾ ಕಣಿವೆಯನ್ನೂ ವೈನ್ ಪ್ರದೇಶವೆಂದು ಗುರುತಿಸಿತ್ತು. ವೈನಿಗೆ ಹೋದರೆ ರೈತನಿಗೆ ಇನ್ನೊಂದು ಗಿರಾಕಿ ಸಿಕ್ಕಂತಾಗುತ್ತದೆ, ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಬರುತ್ತದೆ ಎನ್ನುವ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಬಸವಣ್ಣನ ಜಿಲ್ಲೆಯಲ್ಲಿ ಮದ್ಯವೇ ಎಂಬ ಆಕ್ಷೇಪವನ್ನೂ ನಾನು ಮುಂದಿಡುವುದಿಲ್ಲ. ಅದು ಬೇರೆಯೇ ಚರ್ಚೆ.

ನನ್ನ ಆಕ್ಷೇಪ ನೆಲದಿಂದ ಬಂದದ್ದು. ಇಲ್ಲಿಯ ಪಡಗಳಲ್ಲಿ ಇರುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಹುಟ್ಟಿದ ತಾಸ್-ಎ-ಗಣೇಶ್, ಸೊನಾಕ, ಮಾಣಿಕ್ ಚಮನ್. ಇವು ತಿನ್ನುವ, ಒಣಗಿಸುವ ತಳಿಗಳು. ತಾಸಗಾಂವ, ಸೊಲ್ಲಾಪುರ ಕಡೆಯ ರೈತರು ತಮ್ಮ ಪಡಗಳಲ್ಲೇ ಚೆನ್ನಾಗಿ ಕಂಡ ಬಳ್ಳಿಯನ್ನು ಆರಿಸಿ, ಕಡ್ಡಿ ಕಟ್ಟಿ ಹಬ್ಬಿಸಿದ ತಳಿಗಳು. ರೈತನ ಕಣ್ಣೇ ಪ್ರಯೋಗಾಲಯವಾದ ಇಂಥ ಕೆಲಸ ಗಡಿ ದಾಟಿ ಬಂದು ವಿಜಯಪುರವನ್ನು ರಾಜ್ಯದ ದೊಡ್ಡ ದ್ರಾಕ್ಷಿ ಜಿಲ್ಲೆಯಾಗಿ ಮಾಡಿದೆ. ಕ್ಯಾಬರ್ನೆ, ಶಿರಾಜ್ ಬೇಕೆಂದರೆ ಈ ಪಡ ಕಿತ್ತು ಬೇರೆ ಪಡ ಹಾಕಬೇಕು, ಕೊಳ್ಳುವವರು ಒಬ್ಬರೋ ಇಬ್ಬರೋ ಆಗಿರುತ್ತಾರೆ, ಅವರು ಬೇಡವೆಂದರೆ ಆ ಹಣ್ಣನ್ನು ಪೇಟೆಯಲ್ಲಿ ಯಾರೂ ತಿನ್ನಲು ಕೊಳ್ಳುವುದಿಲ್ಲ. ಥಾಮ್ಸನ್ನಿಗೆ ಎರಡು ಬಾಗಿಲು. ಹಸಿ ಹಣ್ಣಿನ ದರ ಬಿದ್ದರೆ ಒಣಗಿಸಿ ಇಡಬಹುದು. ದೇಶದ ದ್ರಾಕ್ಷಿಯಲ್ಲಿ ವೈನಿಗೆ ಹೋಗುವ ಪಾಲು ತೀರ ಸಣ್ಣದು ಎಂಬುದನ್ನು ನೆನೆದರೆ, ಆ ಸಣ್ಣ ಪಾಲಿನ ಹೆಸರನ್ನು ಇಡೀ ಸೀಮೆಗೆ ಹಚ್ಚುವುದು ಸರಿಯೆನಿಸುವುದಿಲ್ಲ.

ಈ ಸೀಮೆಯ ನಿಜವಾದ ಕಸುಬು ಮಣೂಕ, ಅಂದರೆ ಒಣದ್ರಾಕ್ಷಿ. ಪಡಗಳ ಅಂಚಿನಲ್ಲಿ ಮಳೆಯಲ್ಲಿ ತೊಯ್ಯುತ್ತ ನಿಂತ ಉದ್ದನೆಯ ಬರಿದು ಚೌಕಟ್ಟುಗಳು, ಹತ್ತು ಹನ್ನೆರಡು ಅಂತಸ್ತಿನ ಜಾಳಿಗೆಗಳು, ನವೆಂಬರಿನಲ್ಲಿ ನೋಡಿದವರಿಗೆ ಅರ್ಧಕ್ಕೆ ಬಿಟ್ಟ ಕಟ್ಟಡದಂತೆ ಕಾಣುತ್ತವೆ. ಫೆಬ್ರುವರಿ ಬಂದರೆ ಅವೇ ಈ ಸೀಮೆಯ ಕಾರ್ಖಾನೆಗಳು. ಸಕ್ಕರೆಯಂಶ ಚೆನ್ನಾಗಿ ಏರಿದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ಒಳಗಿನ ನೀರು ಬೇಗ ಹೊರಬರುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಬದಿಗೆ ನೆರಳಿನ ಪರದೆ. ಬಿಸಿಲಿಗಿಂತ ಇಲ್ಲಿ ಕೆಲಸ ಮಾಡುವುದು ಒಣಗಾಳಿ. ಎರಡು ವಾರ, ಕೆಲವೊಮ್ಮೆ ಇನ್ನೂ ನಾಲ್ಕೈದು ದಿನ. ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಮುಕ್ಕಾಲು ಪಾಲು ತೂಕ ಗಾಳಿಗೆ ಹೋಗುತ್ತದೆ, ಆ ನೀರನ್ನು ಟ್ಯಾಂಕರಿನಲ್ಲಿ ತಂದಿದ್ದ ಸೀಮೆ ಇದು! ಬೇರೆಲ್ಲ ಬೆಳೆಗೂ ಶಾಪವಾದ ಒಣಹವೆಯನ್ನು ಬಂಡವಾಳ ಮಾಡಿಕೊಂಡದ್ದೇ ಇವರ ಜಾಣ್ಮೆ. ಮಾರ್ಚಿನಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ಆ ಬಂಡವಾಳ ಕರಗುತ್ತದೆ. ಹಸಿರು ಮಣೂಕ ಕಂದಾಗುತ್ತದೆ, ದರ ಇಳಿಯುತ್ತದೆ. ಮಳೆಯಲ್ಲಿ ಆ ಬರಿದು ಶೆಡ್ಡುಗಳ ಪಕ್ಕ ನಿಂತಾಗಲೇ ಗಾಳಿ ಒಣಗಿರುವುದರ ಬೆಲೆ ತಿಳಿಯುವುದು.

ಇಷ್ಟಾದರೂ ಈ ಮಣೂಕಕ್ಕೆ ಊರಿನ ಹೆಸರಿಲ್ಲ. ವಿಜಯಪುರದ ಎಪಿಎಂಸಿಯಲ್ಲಿ ವಹಿವಾಟು ನಡೆದರೂ ಬಹಳಷ್ಟು ಮಾಲು ತಾಸಗಾಂವ, ಸಾಂಗ್ಲಿಗಳ ಪೇಟೆಗೆ ಹೋಗುತ್ತದೆ. ಸಾಂಗ್ಲಿ ಮಣೂಕಕ್ಕೆ ಭೌಗೋಳಿಕ ಸೂಚಿಕೆ ಇದೆ, ವಿಜಯಪುರ ಜಿಲ್ಲೆಯದೇ ಆದ ಇಂಡಿ ಲಿಂಬೆಗೂ ಇದೆ. ಗಡಿ ದಾಟಿ ಪೇಟೆ ಸೇರಿದ ತಿಕೋಟಾದ ಮಣೂಕ ಯಾವ ಊರಿನದೆಂದು ಬೆಂಗಳೂರಿನಲ್ಲಿ ಪಾಯಸಕ್ಕೆ ಹಾಕುವವರಿಗೆ ತಿಳಿಯುವುದಿಲ್ಲ. ವೈನ್ ನಾಡೆಂಬ ಎರವಲು ಹೆಸರಿಗೆ ಪಡುವ ಪ್ರಯತ್ನವನ್ನು ಮಣೂಕದ ನಾಡೆಂಬ ಸ್ವಂತ ಹೆಸರಿಗೆ ಪಟ್ಟರೆ ಹೆಚ್ಚು ಮನೆಗಳಿಗೆ ಉಪಯೋಗ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ರೈತ ಕಂಗಾಲಾದ ದಿನವನ್ನೇ ಆರಿಸಿಕೊಂಡು ಕಾರಿನಲ್ಲಿ ಕುಳಿತು ನೋಡಿ ಹೋಗುವುದು ಯಾವ ನ್ಯಾಯ? ಅವನ ಆತಂಕ ನಮ್ಮ ರಜೆಯ ಅನುಭವವಾಗಬೇಕೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬಿಸಿಲಿನ ದಿನ ಬಂದು, ಗೊನೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಈ ಬೆಳೆಯಲ್ಲಿ ದುಡ್ಡೋ ದುಡ್ಡು ಎಂದುಕೊಂಡು ಹೋಗುವುದು ಅದಕ್ಕಿಂತ ದೊಡ್ಡ ಅನ್ಯಾಯ. ಅಂಥ ನೋಟದಿಂದಲೇ ದ್ರಾಕ್ಷಿ ಬೆಳೆಗಾರ ಶ್ರೀಮಂತ, ಅವನಿಗೇಕೆ ಪರಿಹಾರ ಎಂಬ ಮಾತು ಹುಟ್ಟುವುದು. ಹವಾಮಾನ ಆಧಾರಿತ ಬೆಳೆ ವಿಮೆ ಎಂಬುದೊಂದಿದೆ. ಅದು ಗೊತ್ತುಪಡಿಸಿದ ಮಾಪನ ಕೇಂದ್ರದ ಮಳೆ, ಉಷ್ಣತೆ, ತೇವಾಂಶಗಳ ಲೆಕ್ಕ ಹಿಡಿದು ಪರಿಹಾರ ಕೊಡುತ್ತದೆಯೇ ಹೊರತು ಪಡಕ್ಕೆ ಹೋಗಿ ಕೊಳೆತ ಗೊಂಚಲು ಎಣಿಸುವುದಿಲ್ಲ. ಒಂದು ಏರಿನಲ್ಲಿ ಸುರಿದು ಪಕ್ಕದ ಏರಿನಲ್ಲಿ ಬಿಡುವ ಮಳೆಯನ್ನು ಈ ದಾರಿಯಲ್ಲಿ ಕಣ್ಣಾರೆ ಕಂಡವರಿಗೆ ಆ ಲೆಕ್ಕ ಎಲ್ಲಿ ತಪ್ಪಬಹುದೆಂದು ಯಾರೂ ವಿವರಿಸಬೇಕಿಲ್ಲ. ನಗರದ ಓದುಗ ಇಷ್ಟನ್ನು ತಿಳಿದುಕೊಂಡರೂ ಮಳೆಯ ದಿನದ ಭೇಟಿ ಬರಿಯ ಕುತೂಹಲವಾಗಿ ಉಳಿಯುವುದಿಲ್ಲ.

ಬಬಲೇಶ್ವರದ ಕಡೆ ಇಳಿಯುವಾಗ ನೀರಿನ ಇನ್ನೊಂದು ಮುಖ. ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ನೀರನ್ನು ಎತ್ತಿ ಈ ಮಡ್ಡಿಗಳಿಗೆ ಹರಿಸುವ ತುಬಚಿ–ಬಬಲೇಶ್ವರ ಏತ ನೀರಾವರಿ, ಅತ್ತ ಮುಳವಾಡ ಏತ ನೀರಾವರಿ, ಅವುಗಳಿಂದ ತುಂಬುತ್ತಿರುವ ಕೆರೆಗಳು. ಆದಿಲ್‌ಶಾಹಿಗಳ ಕಾಲದ ಮಮದಾಪುರದ ಕೆರೆಯೂ ಈ ತಾಲೂಕಿನದೇ. ಇನ್ನು ನೀರಿನ ಚಿಂತೆ ತೀರಿತಲ್ಲ ಎನ್ನುವವರಿದ್ದಾರೆ. ಬೇರಿಗೆ ಬೇಕಾದ ನೀರಿನ ಚಿಂತೆ ಒಂದಿಷ್ಟು ತೀರಿರುವುದು ನಿಜ, ಟ್ಯಾಂಕರಿನ ದಿನಗಳನ್ನು ಕಂಡವರಿಗೆ ಅದು ಸಣ್ಣ ಮಾತಲ್ಲ. ಎಲೆಯ ಮೇಲೆ ಬೀಳುವ ನೀರನ್ನು ಯಾವ ಕಾಲುವೆಯೂ ತಡೆಯಲಾರದು. ಕಾಲುವೆಯ ಭರವಸೆಯ ಮೇಲೆ ಹೊಸ ಪಡಗಳು ಎದ್ದಷ್ಟೂ ನವೆಂಬರಿನ ಮೋಡಕ್ಕೆ ಹೆದರುವ ಮನೆಗಳ ಸಂಖ್ಯೆಯೂ ಏರುತ್ತದೆ. ವಿಜಯಪುರಕ್ಕೆ ಮರಳುವ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿ ಕೆಂಪಾಗಿ, ದಡ ಮೀರಿ, ರಸ್ತೆಯ ವಾಹನಗಳನ್ನು ನಿಲ್ಲಿಸಿಕೊಂಡು ಹರಿಯುತ್ತಿರುವುದುಂಟು. ಡೋಣಿ ಸೀಮೆ ಬೆಳೆದರೆ ಓಣಿಗೆಲ್ಲ ಜೋಳ ಎನ್ನುವುದು ಇಲ್ಲಿಯ ಹಳೆಯ ನಂಬಿಕೆ. ಸೇತುವೆಯ ಈಚೆ ಕಾಯುತ್ತ ನಿಂತವರಲ್ಲಿ ಕೆಲವರು ಆ ನೀರನ್ನು ನೋಡಿ ಸಂತೋಷಪಡುತ್ತಿರುತ್ತಾರೆ, ಅವರ ಪಕ್ಕದವರು ಔಷಧ ಅಂಗಡಿಗೆ ಫೋನು ಹಚ್ಚಿರುತ್ತಾರೆ.

ದೀಪಾವಳಿ ರಜೆಯಲ್ಲಿ ಉತ್ತರಕ್ಕೆ ಹೊರಟವರು ಗೋಳಗುಮ್ಮಟ ನೋಡಿ ಮರಳದೆ ಒಂದು ದಿನ ಪಶ್ಚಿಮಕ್ಕೂ ಹೋಗಬೇಕು, ಮಳೆ ಇದ್ದರೆ ಹಿಂದೆಗೆಯಬಾರದು. ಔಷಧ ಹೊಡೆಯುವ ಹೊತ್ತಿನಲ್ಲಿ ಕೇಳದೆ ಪಡದೊಳಗೆ ಕಾಲಿಡಬಾರದು. ಆಮೇಲೆ, ಸಾಧ್ಯವಾದರೆ, ಮಾರ್ಚಿನಲ್ಲಿ ಇನ್ನೊಮ್ಮೆ ಬಂದು ಅದೇ ಶೆಡ್ಡುಗಳಲ್ಲಿ ಹೊಸ ಮಣೂಕ ಇಳಿಸುವುದನ್ನು ನೋಡಿ, ಬೆಳೆದವರ ಕೈಯಿಂದಲೇ ಕೊಂಡೊಯ್ಯಿರಿ. ಮನೆಯ ಡಬ್ಬಿಯ ಮೇಲೆ ಊರಿನ ಹೆಸರನ್ನೂ ಬರೆದಿಡಿ.